ಬರೆಯ ಲೆಕ್ಕ ಬರೆಯೋಕೆ ಒಂದು ಬಾಗಿಲು

ಫೈನಲ್ ಇಯರ್ ಪ್ರಾಜೆಕ್ಟ್ ಅಂದ್ರೆ ನಮ್ಮಲ್ಲಿ ಏನಾಗುತ್ತೆ ಅಂತ ನಿಮಗೂ ಗೊತ್ತು. ನಾಲ್ಕು ಜನ ಸೇರಿ ಒಂದು ಸಾಫ್ಟ್‌ವೇರ್ ಕಟ್ತೀವಿ. ಲಾಗಿನ್ ಪುಟ, ಮೆನು, ಬಣ್ಣದ ಬಟನ್ ಎಲ್ಲ ಇರುತ್ತೆ. ಎಕ್ಸ್‌ಟರ್ನಲ್ ಎದುರು ಡೆಮೊ ಆಗುತ್ತೆ, ರಿಪೋರ್ಟ್ ಬೈಂಡಿಂಗ್‌ಗೆ ಹೋಗುತ್ತೆ, ಅಲ್ಲಿಗೆ ಕಥೆ ಮುಗೀತು. ಮುಂದಿನ ಬ್ಯಾಚ್‌ನವರು ಅದೇ ಸಾಫ್ಟ್‌ವೇರಿನಿಂದ ಒಂದು ಸಣ್ಣ ಹೊಸ ಲೆಕ್ಕ ಮಾಡಿಸಬೇಕು ಅಂದ್ರೂ ಸೋರ್ಸ್ ಕೋಡ್ ಪೂರ್ತಿ ಓದಿ, ಹೊಸ ಬಟನ್ ಸೇರಿಸಿ, ಮತ್ತೆ ಕಂಪೈಲ್ ಮಾಡಬೇಕು. ಹಾಗಾಗಿ ಯಾರೂ ಮುಟ್ಟೋದಿಲ್ಲ. ಅವರೂ ಮೊದಲಿಂದ ಇನ್ನೊಂದು ಲಾಗಿನ್ ಪುಟ ಕಟ್ತಾರೆ.

ಈ ಲೇಖನದಲ್ಲಿ ನಾವು ಹೇಳಬೇಕಿರೋದು ರಿಪೋರ್ಟಿನ ಬೈಂಡಿಂಗ್ ಬಗ್ಗೆ ಅಲ್ಲ, ಇನ್ನೊಂದು ಬೈಂಡಿಂಗ್ ಬಗ್ಗೆ. ಸಿ ಪ್ಲಸ್ ಪ್ಲಸ್‌ನಂಥ ಕಂಪೈಲ್ಡ್ ಭಾಷೆಯಲ್ಲಿ ಬರೆದ ದೊಡ್ಡ ಸಾಫ್ಟ್‌ವೇರನ್ನು ಪೈಥಾನ್‌ನಂಥ ಸ್ಕ್ರಿಪ್ಟಿಂಗ್ ಭಾಷೆಗೆ ತೆರೆದು ಕೊಡೋ ಬೈಂಡಿಂಗ್. ನಮ್ಮ ಅಭಿಪ್ರಾಯ ಸರಳ: ದೊಡ್ಡ ಸಾಫ್ಟ್‌ವೇರ್ ಕಟ್ಟುವವರು ಈ ಬಾಗಿಲನ್ನು ಮೊದಲ ನಕ್ಷೆಯಲ್ಲೇ ಇಡಬೇಕು. ಮನೆ ಕಟ್ಟಿ ಮುಗಿದ ಮೇಲೆ ಗೋಡೆ ಒಡೆದು ಬಾಗಿಲು ಇಡೋದು ಎಷ್ಟು ಕಷ್ಟ ಅಂತ ಸಿವಿಲ್‌ನವರನ್ನು ಕೇಳಿ.

ಗಾಳಿಬೀಡಿಗೂ ಇದಕ್ಕೂ ಏನು ಸಂಬಂಧ?

2018ರ ಆಗಸ್ಟ್ ಮಧ್ಯದಲ್ಲಿ ಕೊಡಗಿನಲ್ಲಿ ಏನಾಯ್ತು ಅಂತ ನೆನಪಿಲ್ಲದವರು ಕಡಿಮೆ. ಮಡಿಕೇರಿ ಸುತ್ತಮುತ್ತಲಿನ ಗಾಳಿಬೀಡು, ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ಎರಡನೇ ಮೊಣ್ಣಂಗೇರಿ ಕಡೆಯಲ್ಲೆಲ್ಲ ಗುಡ್ಡ ಜಾರಿತು. ಮಡಿಕೇರಿ–ಮಂಗಳೂರು ಹೆದ್ದಾರಿ ತುಂಡಾಯ್ತು. ಮರುವರ್ಷ ಅದೇ ತಿಂಗಳು ವಿರಾಜಪೇಟೆ ಕಡೆಯ ತೋರದಲ್ಲಿ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮತ್ತೆ ಕುಸಿತ, ಮತ್ತೆ ಸಾವು. ಕೊಡಗಿನವರು ಇದಕ್ಕೆ ಬಳಸೋ ಮಾತು ‘ಬರೆ ಕುಸಿತ’. ಮನೆಗೋ ರಸ್ತೆಗೋ ಜಾಗ ಮಾಡೋಕೆ ಗುಡ್ಡ ಕಡಿದಾಗ ಹಿಂದೆ ನೆಟ್ಟಗೆ ನಿಲ್ಲೋ ಮಣ್ಣಿನ ಗೋಡೆಯೇ ಬರೆ. ಜೋರು ಮಳೆ ಹಿಡಿದ ರಾತ್ರಿ ಊರಿನವರ ಕಣ್ಣು ಇರೋದು ಆ ಬರೆಯ ಮೇಲೆ.

ಈಗ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿಯ ಹಾಗೆ ಯೋಚನೆ ಮಾಡೋಣ. ಗಾಳಿಬೀಡಿನ ಯಾವ ಮನೆಗಳು ಕಡಿದಾದ ಇಳಿಜಾರಿನ ಬುಡದಲ್ಲಿವೆ ಅಂತ ಪಟ್ಟಿ ಮಾಡಬೇಕು. ಬೇಕಾದ ಸರಕು ಸಾಕಷ್ಟು ಸಿಗುತ್ತೆ. ನಾಸಾದ ಬಾಹ್ಯಾಕಾಶ ನೌಕೆ 2000ನೇ ಇಸವಿಯಲ್ಲಿ ಅಳೆದ ಎತ್ತರದ ದತ್ತಾಂಶ ಸುಮಾರು 30 ಮೀಟರ್ ಚೌಕದ ಲೆಕ್ಕದಲ್ಲಿ ಉಚಿತವಾಗಿ ಸಿಗುತ್ತೆ. ಇಸ್ರೋದ ಭುವನ್ ತಾಣದಲ್ಲೂ ಎತ್ತರದ ದತ್ತಾಂಶ ಇದೆ. ರಾಜ್ಯ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಸ್ವಯಂಚಾಲಿತ ಮಳೆಮಾಪಕ ಇಟ್ಟಿದೆ. ಇವನ್ನೆಲ್ಲ ಒಂದೇ ನಕ್ಷೆ ಮೇಲೆ ತರೋಕೆ ಕ್ಯೂಜಿಐಎಸ್ ಅನ್ನೋ ಸಾಫ್ಟ್‌ವೇರ್ ಇದೆ. ಉಚಿತ, ಮುಕ್ತ. 2002ರಲ್ಲಿ ಗ್ಯಾರಿ ಶರ್ಮನ್ ಅನ್ನೋರು ಶುರು ಮಾಡಿದ್ದು. ಒಳಗೆಲ್ಲ ಸಿ ಪ್ಲಸ್ ಪ್ಲಸ್, ಕಿಟಕಿ–ಬಟನ್‌ಗಳಿಗೆ ಕ್ಯೂಟಿ. ಇವತ್ತು ಅದು ಯಾವ ಲೆಕ್ಕದಲ್ಲೂ ದೊಡ್ಡ ಸಾಫ್ಟ್‌ವೇರೇ.

ಮೌಸ್ ಹಿಡಿದು ಕೂತರೆ ಒಂದು ನಕ್ಷೆ ಮಾಡಬಹುದು. ಎತ್ತರದಿಂದ ಇಳಿಜಾರು ತೆಗೆ, ಕಡಿದಾದ ಜಾಗ ಆರಿಸು, ಮನೆಗಳ ಪದರ ಸೇರಿಸು, ದೂರ ಅಳೆ. ಒಂದು ಊರಿಗೆ ಒಂದು ಸಲ ಆದ್ರೆ ಸರಿ. ಆದರೆ ಮಳೆಗಾಲದಲ್ಲಿ ದಿನಾ ಮಾಡಬೇಕು ಅಂದ್ರೆ? ಪಕ್ಕದ ಪಂಚಾಯಿತಿಗೂ ಬೇಕು ಅಂದ್ರೆ? ನಕ್ಷೆ ಮಾಡಿದವರಿಗೆ ಟ್ರಾನ್ಸ್‌ಫರ್ ಆಯ್ತು ಅಂದ್ರೆ? ಯಾವ ಬಟನ್ ಆದ ಮೇಲೆ ಯಾವ ಬಟನ್ ಒತ್ತಿದ್ರು, ಎಷ್ಟು ಡಿಗ್ರಿಗಿಂತ ಮೇಲೆ ಕಡಿದು ಅಂದುಕೊಂಡ್ರು ಅನ್ನೋದು ಅವರ ತಲೆಯಲ್ಲಿತ್ತು, ಅವರ ಜೊತೆಗೇ ಹೋಯ್ತು.

ಅದೇ ಕೆಲಸ ನಲವತ್ತು ಸಾಲಿನ ಪೈಥಾನ್ ಸ್ಕ್ರಿಪ್ಟ್ ಆಗಿದ್ರೆ ಎಲ್ಲ ಕಣ್ಣೆದುರಿಗೆ ಇರುತ್ತೆ. ಹವಾಮಾನ ಇಲಾಖೆ 24 ಗಂಟೆಯಲ್ಲಿ 204.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಅದನ್ನು ಅತ್ಯಂತ ಭಾರಿ ಮಳೆ ಅನ್ನುತ್ತೆ. ಸ್ಕ್ರಿಪ್ಟಿನಲ್ಲಿ ಆ ಸಂಖ್ಯೆ ಒಂದು ಸಾಲಾಗಿ ಕಾಣುತ್ತೆ. ‘ಗಾಳಿಬೀಡಿಗೆ ಇದು ಜಾಸ್ತಿ ಆಯ್ತು, ನೆಲ ವಾರದಿಂದ ನೆನೆದಿರುತ್ತೆ, 115.6ಕ್ಕೇ ಎಚ್ಚರಿಕೆ ಕೊಡಿ’ ಅಂತ ಯಾರಾದ್ರೂ ಜಗಳ ಆಡಬಹುದು. ಬಟನ್ ಒಳಗೆ ಹೂತುಹೋದ ಸಂಖ್ಯೆ ಜೊತೆ ಯಾರೂ ಜಗಳ ಆಡೋಕೆ ಆಗಲ್ಲ. ಆ ಸಂಖ್ಯೆ ಇದೆ ಅಂತಲೇ ಗೊತ್ತಾಗಲ್ಲ.

ಬಾಗಿಲಿನ ಹಿಂದೆ ಏನಿದೆ

ಕ್ಯೂಜಿಐಎಸ್‌ಗೆ ಪೈಥಾನ್ ಬಾಗಿಲು ಬಂದಿದ್ದು 2007ರ 0.9 ಆವೃತ್ತಿಯಲ್ಲಿ, ಅಂದ್ರೆ 1.0 ಬರೋದಕ್ಕೂ ಮೊದಲೇ. ಇದು ಹೇಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ನೋಡೋಣ, ಯಾಕಂದ್ರೆ ಕಷ್ಟ ಇರೋದು ಅಲ್ಲೇ.

ಸಿ ಪ್ಲಸ್ ಪ್ಲಸ್ ಕಂಪೈಲ್ ಆದ ಮೇಲೆ ಅದರ ಕ್ಲಾಸು, ಫಂಕ್ಷನ್ನುಗಳನ್ನು ಚಾಲೂ ಇರುವಾಗ ಹೆಸರು ಹಿಡಿದು ಕರೆಯೋಕೆ ಪೈಥಾನ್‌ಗೆ ನೇರ ದಾರಿ ಇಲ್ಲ. ನಡುವೆ ಒಬ್ಬ ದುಭಾಷಿ ಬೇಕು. ಪೈಥಾನ್ ಕೊಟ್ಟ ಸಂಖ್ಯೆ, ಅಕ್ಷರ, ಪಟ್ಟಿಗಳನ್ನು ಸಿ ಪ್ಲಸ್ ಪ್ಲಸ್ ರೂಪಕ್ಕೆ ತಿರುಗಿಸಿ, ಫಂಕ್ಷನ್ ಕರೆದು, ಬಂದ ಉತ್ತರವನ್ನು ವಾಪಸ್ ತಿರುಗಿಸೋ ಕೋಡ್. ಸಾವಿರಾರು ಫಂಕ್ಷನ್ನುಗಳಿಗೆ ಇದನ್ನು ಕೈಯಲ್ಲಿ ಬರೆಯೋಕೆ ಆಗಲ್ಲ ಅಂತ ಯಂತ್ರವೇ ಬರೆಯೋ ಹಾಗೆ ಮಾಡ್ತಾರೆ. ಕ್ಯೂಜಿಐಎಸ್ ಬಳಸೋದು ಸಿಪ್ ಅನ್ನೋ ಸಾಧನ. ಡೇವಿಡ್ ಬೀಜ್ಲಿಯವರ ಸ್ವಿಗ್, ಈಚೆಗೆ ಎಲ್ಲರೂ ಬಳಸೋ ಪೈಬೈಂಡ್11 ಕೂಡ ಇದೇ ಜಾತಿಯವು.

ದುಭಾಷಿ ಮಾತನ್ನು ತಿರುಗಿಸಬಲ್ಲ. ಆದರೆ ಎರಡೂ ಮನೆಗಳ ಲೆಕ್ಕದ ಪುಸ್ತಕ ಬೇರೆ ಬೇರೆ. ಒಂದು ವಸ್ತುವನ್ನು ಎಷ್ಟು ಜನ ಹಿಡಿದಿದ್ದಾರೆ ಅಂತ ಪೈಥಾನ್ ಎಣಿಸ್ತಾ ಇರುತ್ತೆ. ಎಣಿಕೆ ಸೊನ್ನೆ ಆದಾಗ ಮೆಮೊರಿ ಖಾಲಿ ಮಾಡುತ್ತೆ. ಸಿ ಪ್ಲಸ್ ಪ್ಲಸ್‌ನಲ್ಲಿ ಯಾರು ಮಾಲೀಕರು, ಯಾರು ಯಾವಾಗ ಅಳಿಸಬೇಕು ಅನ್ನೋದನ್ನು ಬರೆದವರೇ ನಿರ್ಧಾರ ಮಾಡಿರ್ತಾರೆ. ನೀವು ಪೈಥಾನ್‌ನಲ್ಲಿ ಒಂದು ನಕ್ಷೆಯ ಪದರ ತಯಾರಿಸಿ ಪ್ರಾಜೆಕ್ಟಿಗೆ ಸೇರಿಸಿದ ಕ್ಷಣ ಅದರ ಮಾಲೀಕತ್ವ ಪ್ರಾಜೆಕ್ಟಿಗೆ ಹೋಗುತ್ತೆ. ಆಮೇಲೆ ಬಳಕೆದಾರರು ಆ ಪದರವನ್ನು ತೆಗೆದುಹಾಕಿದರೆ ಪ್ರಾಜೆಕ್ಟ್ ಅದನ್ನು ಅಳಿಸುತ್ತೆ. ನಿಮ್ಮ ಪೈಥಾನ್ ವೇರಿಯಬಲ್ ಮಾತ್ರ ಹಾಗೇ ಉಳಿಯುತ್ತೆ, ಮನೆ ಕೆಡವಿದ ಮೇಲೂ ಜೇಬಿನಲ್ಲಿರೋ ಬೀಗದ ಕೈ ಥರ. ಅದನ್ನು ಬಳಸೋಕೆ ಹೋದ್ರೆ ಅದೃಷ್ಟ ಇದ್ದಾಗ ‘ಒಳಗಿನ ವಸ್ತು ಅಳಿಸಿಹೋಗಿದೆ’ ಅನ್ನೋ ಎರರ್ ಬರುತ್ತೆ. ಇಲ್ಲದಿದ್ರೆ ಇಡೀ ಕ್ಯೂಜಿಐಎಸ್ ಢಮಾರ್!

ಹಾಗಾಗಿ ಹೆಡರ್ ಫೈಲಿನಲ್ಲೇ ಪ್ರತಿ ಫಂಕ್ಷನ್ ಪಕ್ಕ ಗುರುತು ಹಾಕಬೇಕಾಗುತ್ತೆ: ಇಲ್ಲಿ ಮಾಲೀಕತ್ವ ಬದಲಾಗುತ್ತೆ, ಇದು ಹೊಸ ವಸ್ತು ಹುಟ್ಟಿಸಿ ಕೊಡುತ್ತೆ, ಇದು ಪೈಥಾನ್‌ಗೆ ಬೇಡ. ಕ್ಯೂಜಿಐಎಸ್ ತಂಡ ಈ ಗುರುತುಗಳನ್ನು ಓದಿ ಸಿಪ್ ಫೈಲುಗಳನ್ನು ತಾನಾಗಿ ತಯಾರಿಸೋ ಸ್ಕ್ರಿಪ್ಟ್ ಮಾಡಿಕೊಂಡಿದೆ. ನಮಗೆ ಇದರಲ್ಲಿ ಇಷ್ಟ ಆಗೋದು ಒಂದು ಅಡ್ಡ ಲಾಭ. ಪೈಥಾನ್ ಇಲ್ಲದಿದ್ರೂ ಸಿ ಪ್ಲಸ್ ಪ್ಲಸ್ ಬರೆಯೋರು ‘ಈ ಪಾಯಿಂಟರ್ ಯಾರದ್ದು?’ ಅಂತ ಕೇಳಿಕೊಳ್ಳಲೇಬೇಕು. ಬಾಗಿಲು ಇಟ್ಟ ಮೇಲೆ ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳೋ ಹಾಗಿಲ್ಲ.

ಇನ್ನೊಂದು ವಿಷಯ, ಬಾಗಿಲು ಎರಡೂ ಕಡೆಗೆ ತೆರೆಯುತ್ತೆ. ಪೈಥಾನ್‌ನಲ್ಲಿ ಬರೆದ ಒಂದು ಕ್ಲಾಸ್ ಒಳಗಿನ ಸಿ ಪ್ಲಸ್ ಪ್ಲಸ್ ಕ್ಲಾಸಿನ ಮಗುವಾಗಬಹುದು. ‘ಬರೆ ಅಪಾಯ’ ಅಂತ ಒಂದು ಹೊಸ ಲೆಕ್ಕ ಬರೆದ್ರೆ ಅದು ಕ್ಯೂಜಿಐಎಸ್‌ನ ಸ್ವಂತ ಸಾಧನಗಳ ಪಟ್ಟಿಯಲ್ಲೇ ಬಂದು ಕೂರುತ್ತೆ. ಹತ್ತು ಊರಿಗೆ ಒಟ್ಟಿಗೆ ಓಡಿಸೋ ಸೌಲಭ್ಯ, ಬೇರೆ ಲೆಕ್ಕಗಳ ಜೊತೆ ಜೋಡಿಸೋ ಸೌಲಭ್ಯ ತಾನಾಗೇ ಸಿಗುತ್ತೆ. ಕಟ್ಟಿದವರು ಬರೆ ಅನ್ನೋ ಪದವನ್ನೇ ಕೇಳಿರಲ್ಲ, ಆದರೂ ಅವರ ಸಾಫ್ಟ್‌ವೇರಿನಲ್ಲಿ ಬರೆಗೆ ಜಾಗ ಇದೆ.

‘ಸ್ಲೋ ಅಲ್ವಾ?’

ಪೈಥಾನ್ ಹೆಸರು ಹೇಳಿದ ಕೂಡಲೇ ಹಿಂದಿನ ಬೆಂಚಿನಿಂದ ಬರೋ ಮೊದಲ ಪ್ರಶ್ನೆ ಇದು. ನಿಜ, ಸ್ಲೋ. ಆದರೆ ಎಲ್ಲಿ ಸ್ಲೋ ಅಂತ ನೋಡಿ. ಕೊಡಗಿನ ವಿಸ್ತೀರ್ಣ 4,102 ಚದರ ಕಿ.ಮೀ. 30 ಮೀಟರ್ ಚೌಕದಲ್ಲಿ ಅದು ಸುಮಾರು 45 ಲಕ್ಷ ಚೌಕ. ಒಂದೊಂದು ಚೌಕದ ಎತ್ತರವನ್ನೂ ಪೈಥಾನ್ ಲೂಪಿನಲ್ಲಿ ಕೇಳಿದರೆ 45 ಲಕ್ಷ ಸಲ ಬಾಗಿಲು ದಾಟಬೇಕು, ಪ್ರತಿ ಸಲವೂ ದುಭಾಷಿಗೆ ಕೆಲಸ. ಅದರ ಬದಲು ‘ಈ ಫೈಲಿನ ಇಳಿಜಾರು ಲೆಕ್ಕ ಹಾಕಿ ಆ ಫೈಲಿಗೆ ಹಾಕು’ ಅಂತ ಒಂದೇ ಮಾತು ಹೇಳಿದರೆ ಬಾಗಿಲು ದಾಟೋದು ಒಂದು ಸಲ, ಲೂಪ್ ಓಡೋದು ಸಿ ಪ್ಲಸ್ ಪ್ಲಸ್ ಒಳಗೆ. ಕಾಫಿ ಕೊಯ್ಲಲ್ಲಿ ಒಂದೊಂದು ಹಣ್ಣನ್ನೂ ಕಣಕ್ಕೆ ಹೊತ್ತುಕೊಂಡು ಹೋಗಲ್ಲ, ಚೀಲ ತುಂಬಿಸಿ ಒಯ್ತೀವಿ ಅಷ್ಟೆ.

ಹಾಗಾಗಿ ಬಾಗಿಲಿನಲ್ಲಿ ಏನನ್ನು ಇಡಬೇಕು ಅನ್ನೋದೇ ವಿನ್ಯಾಸದ ಮುಖ್ಯ ಪ್ರಶ್ನೆ. ಒಳಗಿನ ಪ್ರತಿ ಸಣ್ಣ ಫಂಕ್ಷನನ್ನೂ ಹೊರಗಿಟ್ಟರೆ ಜನ ಹಣ್ಣು ಹಣ್ಣಾಗಿಯೇ ಹೊರುತ್ತಾರೆ. ಚೀಲದ ಗಾತ್ರದ ಕೆಲಸಗಳನ್ನು ಇಡಬೇಕು.

ಇದು ಹೊಸ ವಾದವೂ ಅಲ್ಲ. ಜಾನ್ ಔಸ್ಟರ್‌ಹೌಟ್ 1988ರಲ್ಲಿ ಬರ್ಕ್ಲಿಯಲ್ಲಿ ಟಿಕಲ್ ಭಾಷೆ ಮಾಡಿದ್ದೇ ಈ ಕಾರಣಕ್ಕೆ. ಅವರ ತಂಡ ಚಿಪ್ ವಿನ್ಯಾಸದ ಸಾಧನಗಳನ್ನು ಬರೀತಿತ್ತು, ಪ್ರತಿಯೊಂದಕ್ಕೂ ಒಂದೊಂದು ಅರೆಬರೆ ಕಮಾಂಡ್ ಭಾಷೆ ಇರ್ತಿತ್ತು. ಯಾವ ಸಾಫ್ಟ್‌ವೇರಿಗೆ ಬೇಕಾದ್ರೂ ಒಳಗೆ ಕೂರಿಸಬಹುದಾದ ಒಂದೇ ಭಾಷೆ ಇರಲಿ ಅಂತ ಟಿಕಲ್ ಬಂತು. ಇಸಿ ಬ್ರಾಂಚಿನವರು ವಿವಾಡೊ ತೆರೆದಾಗ ಕೆಳಗೆ ಕಾಣೋ ಟಿಕಲ್ ಕನ್ಸೋಲ್ ಆ ವಂಶದ್ದೇ. ಆಟೋಕ್ಯಾಡ್ 1986ರಲ್ಲೇ ಆಟೋಲಿಸ್ಪ್ ಕೊಟ್ಟಿತ್ತು. ಫ್ರೀಕ್ಯಾಡ್ ಒಳಗೆ ಸಿ ಪ್ಲಸ್ ಪ್ಲಸ್, ಹೊರಗೆ ಪೈಥಾನ್. ಅಂದ್ರೆ ಎಲ್ಲ ಬ್ರಾಂಚಿನವರೂ ದಿನಾ ಈ ಬಾಗಿಲುಗಳ ಪಕ್ಕದಲ್ಲೇ ಓಡಾಡ್ತಿದ್ದೀವಿ. ತಟ್ಟೋರು ಮಾತ್ರ ಕಡಿಮೆ.

ಬಾಗಿಲು ಅಂದ್ರೆ ಮಾತು ಕೊಟ್ಟ ಹಾಗೆ

ಈ ವಾದದ ವಿರುದ್ಧ ಗಟ್ಟಿಯಾದ ಆಕ್ಷೇಪ ಒಂದಿದೆ. ನೀವು ಒಂದು ಫಂಕ್ಷನ್ ಹೊರಗಿಟ್ಟ ದಿನದಿಂದ ಅದನ್ನು ನಂಬಿ ಯಾರೋ ಸ್ಕ್ರಿಪ್ಟ್ ಬರೀತಾರೆ. ಆಮೇಲೆ ಅದರ ಹೆಸರು ಬದಲಿಸಿದರೂ ಅವರ ಕೆಲಸ ಕೆಡುತ್ತೆ. 2018ರ ಫೆಬ್ರವರಿಯಲ್ಲಿ ಕ್ಯೂಜಿಐಎಸ್ 3.0 ಬಂದಾಗ ಕ್ಯೂಟಿ 4ರಿಂದ 5ಕ್ಕೆ, ಪೈಥಾನ್ 2ರಿಂದ 3ಕ್ಕೆ ಹೋದದ್ದರ ಜೊತೆ ಒಳಗಿನ ಫಂಕ್ಷನ್ನುಗಳೂ ಬಹಳ ಬದಲಾದವು. ಹಳೆಯ ಪ್ಲಗಿನ್‌ಗಳು ಹಾಗೇ ಓಡಲಿಲ್ಲ, ತಿದ್ದಬೇಕಾಯ್ತು. ಬೇಕಾದ್ದನ್ನೆಲ್ಲ ದೊಡ್ಡ ಆವೃತ್ತಿ ಬದಲಾಗುವಾಗಲೇ ಮುರಿದು, ಆ ಸರಣಿಯ ಉದ್ದಕ್ಕೂ ಆದಷ್ಟು ಮುರಿಯದೆ ಇಟ್ಟುಕೊಳ್ಳೋದು ಅವರ ಪದ್ಧತಿ.

ಸುರಕ್ಷತೆಯ ಪ್ರಶ್ನೆಯೂ ಇದೆ. ಪೈಥಾನ್ ಪ್ಲಗಿನ್ ನಿಮ್ಮ ಕಂಪ್ಯೂಟರಿನಲ್ಲಿ ನಿಮ್ಮ ಅಧಿಕಾರದಲ್ಲೇ ಓಡುತ್ತೆ, ಫೈಲ್ ಅಳಿಸು ಅಂದ್ರೆ ಅಳಿಸುತ್ತೆ. ಅಪರಿಚಿತರ ಸ್ಕ್ರಿಪ್ಟ್ ಓಡಿಸೋ ಆಟದಂಥ ಸಾಫ್ಟ್‌ವೇರ್ ಕಟ್ಟೋರು ಲುವಾ ಆರಿಸಿಕೊಳ್ಳೋಕೆ ಇದೂ ಒಂದು ಕಾರಣ. ಲುವಾ ಚಿಕ್ಕದು, ಅದಕ್ಕೆ ಏನೇನು ಸಿಗಬೇಕು ಅಂತ ಕಟ್ಟಿದವರೇ ಎಣಿಸಿ ಕೊಡಬಹುದು.

ಈ ಆಕ್ಷೇಪಗಳನ್ನು ನಾವು ಒಪ್ತೀವಿ. ಇವೆಲ್ಲ ಹೇಳೋದು ‘ಬಾಗಿಲು ಬೇಡ’ ಅಂತ ಅಲ್ಲ. ಬಾಗಿಲು ಚಿಕ್ಕದಾಗಿರಲಿ, ಗಟ್ಟಿಯಾಗಿರಲಿ, ನಾಳೆಯೂ ಅಲ್ಲೇ ಇರಲಿ ಅಂತ. ಸಾವಿರ ಫಂಕ್ಷನ್ ತೆರೆದು ಆರು ತಿಂಗಳಿಗೆ ಮುರಿಯೋದಕ್ಕಿಂತ ಹತ್ತು ತೆರೆದು ಐದು ವರ್ಷ ಕಾಯೋದು ಮೇಲು.

ಕನ್ನಡ ಬಾಗಿಲು ದಾಟುತ್ತಾ?

ಕನ್ನಡ ಸಂಘದ ಪತ್ರಿಕೆಯಲ್ಲಿ ಈ ಪ್ರಶ್ನೆ ಕೇಳದೆ ಹೋದ್ರೆ ಹೇಗೆ? ಒಂದು ಪ್ರಯೋಗ ಮಾಡಿ ನೋಡಿ. ಪೈಥಾನ್ 3ರಲ್ಲಿ ‘ಮಳೆ = 204.5’ ಅಂತ ಬರೀರಿ. ಓಡುತ್ತೆ! ವೇರಿಯಬಲ್ ಹೆಸರು ಕನ್ನಡದಲ್ಲಿರಬಹುದು. ಆದರೆ ‘ರ್‍ಯಾಲಿ’ ಥರ ಒಳಗೆ ಕಾಣದ ಜೋಡಕ ಅಕ್ಷರ ಕೂತಿರೋ ಪದ ಹೆಸರಾಗಿ ನಡೆಯಲ್ಲ. ಕ್ಯೂಟಿಯ ಅಕ್ಷರಸರಣಿಯೂ ಯೂನಿಕೋಡ್, ಪೈಥಾನ್‌ನದ್ದೂ ಯೂನಿಕೋಡ್. ಆದ್ದರಿಂದ ‘ಗಾಳಿಬೀಡು’ ಅನ್ನೋ ಹೆಸರು ಬಾಗಿಲು ದಾಟಿ ಹೋಗಿ ಬರೋಕೆ ತೊಂದರೆ ಇಲ್ಲ.

ತೊಂದರೆ ಕಾಯ್ತಾ ಇರೋದು ಇನ್ನೂ ಒಳಗೆ, ಫೈಲಿನಲ್ಲಿ. ನಕ್ಷೆಗೆ ಎಲ್ಲರೂ ಬಳಸೋ ಹಳೆಯ ಶೇಪ್‌ಫೈಲಿನಲ್ಲಿ ಕಾಲಂ ಹೆಸರಿಗೆ ಇರೋದು 10 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಸ್ವರಚಿಹ್ನೆಗೂ ಮೂರು ಮೂರು ಬೈಟ್. ‘ಮಳೆ’ 9 ಬೈಟ್, ಹೇಗೋ ಹಿಡಿಸುತ್ತೆ. ‘ಇಳಿಜಾರು’ ಹಿಡಿಸಲ್ಲ, ಕತ್ತರಿಸಿಹೋಗುತ್ತೆ. ‘ಗಾಳಿಬೀಡು’ ಒಂದಕ್ಕೇ 24 ಬೈಟ್ ಬೇಕು. ಜಿಯೋಪ್ಯಾಕೇಜ್ ಅನ್ನೋ ಹೊಸ ಮಾದರಿ ಬಳಸಿದ್ರೆ ಈ ಕಾಟ ಇಲ್ಲ. ಇದೆಲ್ಲ ಚಿಲ್ಲರೆ ವಿಷಯ ಅನ್ನಿಸಬಹುದು. ಆದರೆ ಊರಿನವರು ತಮ್ಮ ಜಾಗದ ಹೆಸರನ್ನು ತಮ್ಮ ಲಿಪಿಯಲ್ಲಿ ಹುಡುಕಿ, ಸರಿಯಿದೆಯಾ ಅಂತ ನೋಡಬೇಕು ಅಂದ್ರೆ ಇಂಥ ಚಿಲ್ಲರೆಯನ್ನೇ ಮೊದಲು ಸರಿ ಮಾಡಬೇಕು.

ನಕ್ಷೆಗೆ ಕಾಣದ್ದು

ಒಂದು ಎಚ್ಚರಿಕೆ ಹೇಳಲೇಬೇಕು. ಇಷ್ಟೆಲ್ಲ ಮಾಡಿದ ಮಾತ್ರಕ್ಕೆ ಸ್ಕ್ರಿಪ್ಟ್ ಗುಡ್ಡ ಯಾವಾಗ ಜಾರುತ್ತೆ ಅಂತ ಭವಿಷ್ಯ ಹೇಳಲ್ಲ. 30 ಮೀಟರ್ ಚೌಕದ ದತ್ತಾಂಶಕ್ಕೆ ಮನೆ ಹಿಂದಿನ ಹದಿನೈದು ಅಡಿ ಬರೆ ಕಾಣೋದೇ ಇಲ್ಲ. ಅಕ್ಕಪಕ್ಕದ ಚೌಕಗಳ ಎತ್ತರದಿಂದ ಇಳಿಜಾರು ಲೆಕ್ಕ ಹಾಕುವಾಗ ಅದು ಸರಾಸರಿಯಲ್ಲಿ ಕರಗಿಹೋಗುತ್ತೆ. ಮಣ್ಣು ಎಷ್ಟು ಆಳ ಇದೆ, ನೀರು ಎಲ್ಲಿ ಇಂಗುತ್ತೆ ಅನ್ನೋದೂ ಉಪಗ್ರಹಕ್ಕೆ ಕಾಣಲ್ಲ.

ಆದರೆ ಆ ಬರೆ ಅಲ್ಲಿ ವಾಸ ಮಾಡೋರಿಗೆ ಕಾಣುತ್ತೆ. ಎಷ್ಟು ಅಡಿ ಕಡಿದಿದ್ದು, ಯಾವ ವರ್ಷ ಕಡಿದಿದ್ದು, ತಡೆಗೋಡೆ ಇದೆಯಾ, ತೋಟದ ನೆಲದಲ್ಲಿ ಬಿರುಕು ಬಿಟ್ಟಿದೆಯಾ, ಇಷ್ಟು ದಿನ ತಿಳಿಯಾಗಿ ಬರ್ತಿದ್ದ ಒರತೆ ನೀರು ಕೆಂಪಾಗಿದೆಯಾ. ಇವೆಲ್ಲ ಅವರಿಗೆ ಗೊತ್ತು. ಇದನ್ನು ಮೊಬೈಲಿನಲ್ಲಿ ಗುರುತು ಹಾಕಿಸಿ ಒಂದು ಪದರ ಮಾಡಿ, ಇಳಿಜಾರು ಮತ್ತು ಮಳೆಯ ಪಕ್ಕ ಇಡೋಕೆ ಬೇಕಾದ ಕೋಡನ್ನು ಯೂರೋಪಿನಲ್ಲೋ ಅಮೆರಿಕದಲ್ಲೋ ಕೂತ ಡೆವಲಪರ್ ನಮಗಾಗಿ ಬರೆದುಕೊಡಲ್ಲ. ಬರೆಯಬೇಕಾಗಿಯೂ ಇಲ್ಲ. ಅವರು ಭಾರದ ಲೆಕ್ಕಗಳನ್ನು ವೇಗವಾಗಿ ಮಾಡೋ ಯಂತ್ರ ಕೊಟ್ಟಿದ್ದಾರೆ, ಜೊತೆಗೆ ಬಾಗಿಲೂ ಕೊಟ್ಟಿದ್ದಾರೆ. ಉಳಿದದ್ದು ಕೊಡಗಿನ ಮಳೆ ನೋಡಿದವರ ಕೆಲಸ. ಪೈಥಾನ್ ಈಗ ಎಲ್ಲ ಬ್ರಾಂಚಿನವರಿಗೂ ಅಷ್ಟೋ ಇಷ್ಟೋ ಬರುತ್ತೆ, ಸಿ ಪ್ಲಸ್ ಪ್ಲಸ್ ಬರದೆ ಇದ್ರೂ ಈ ಕೆಲಸ ನಿಲ್ಲಲ್ಲ. ಬಾಗಿಲು ಇರೋದೇ ಅದಕ್ಕೆ. ಎಚ್ಚರಿಕೆಯ ಮಿತಿ ಎಷ್ಟಿರಬೇಕು ಅಂತ ಭೂವಿಜ್ಞಾನ ಓದಿದವರು ತೀರ್ಮಾನ ಮಾಡಲಿ. ಆ ತೀರ್ಮಾನ ಎಲ್ಲರೂ ಓದೋ ಹಾಗೆ ಒಂದು ಸಾಲಿನಲ್ಲಿ ಇರಲಿ ಅನ್ನೋದಷ್ಟೇ ನಮ್ಮ ಹಠ.

ನಾವು ಕೇಳೋದು

ನಮ್ಮ ಕಾಲೇಜಿನ ಮಟ್ಟಿಗೆ ಇದನ್ನು ಮೂರು ಮಾತಿನಲ್ಲಿ ಹೇಳಬಹುದು.

ಒಂದು, ಈ ಸಲ ಪ್ರಾಜೆಕ್ಟ್ ಮಾಡೋ ತಂಡಗಳು ಮೊದಲು ಕೋರ್ ಬರೀಲಿ, ಅದನ್ನು ಪೈಥಾನ್‌ಗೆ ತೆರೆಯಲಿ, ಆಮೇಲೆ ಕಿಟಕಿ–ಬಟನ್ ಕಟ್ಟಲಿ. ಬಟನ್ನೂ ಅದೇ ಬಾಗಿಲಿನಿಂದ ಒಳಗೆ ಹೋದ್ರೆ ಬಾಗಿಲು ಸರಿ ಇದೆಯಾ ಅಂತ ದಿನಾ ಪರೀಕ್ಷೆ ಆಗುತ್ತೆ.

ಎರಡು, ಹೊಸದಾಗಿ ಕಟ್ಟೋ ಮೊದಲು, ಇರೋ ದೊಡ್ಡ ಸಾಫ್ಟ್‌ವೇರಿನ ಮೇಲೆ ಸ್ಕ್ರಿಪ್ಟ್ ಆಗಿ ಇದನ್ನು ಮಾಡಬಹುದಾ ಅಂತ ನೋಡಲಿ. ಕ್ಯೂಜಿಐಎಸ್‌ಗೆ ಬರೆದ 300 ಸಾಲಿನ ಒಳ್ಳೆಯ ಪ್ಲಗಿನ್ ‘ಸಣ್ಣ ಪ್ರಾಜೆಕ್ಟ್’ ಅಲ್ಲ ಅಂತ ನಮ್ಮ ಗೈಡ್‌ಗಳೂ ಒಪ್ಪಲಿ. ಸಾಲಿನ ಲೆಕ್ಕದಲ್ಲಿ ಮಾರ್ಕ್ಸ್ ಕೊಟ್ರೆ ಲಾಗಿನ್ ಪುಟಗಳೇ ಹುಟ್ಟೋದು.

ಮೂರು, ಸಿನಾಪ್ಸಿಸ್ ಫಾರ್ಮಿನಲ್ಲಿ ಒಂದು ಪ್ರಶ್ನೆ ಹೆಚ್ಚಿಗೆ ಸೇರಲಿ: ‘ಈ ಸಾಫ್ಟ್‌ವೇರನ್ನು ನೀವಲ್ಲದವರು, ನಿಮ್ಮನ್ನು ಕೇಳದೆ, ಹೊಸ ಕೆಲಸಕ್ಕೆ ಬಳಸೋದು ಹೇಗೆ?’

ಈ ಪ್ರಶ್ನೆಗೆ ಉತ್ತರ ಬರೆಯೋಕೆ ಆಗದ ತಂಡ ತನ್ನ ಡಿಸೈನನ್ನು ಇನ್ನೊಂದು ಸಲ ನೋಡೋದು ಒಳ್ಳೇದು. ಉತ್ತರ ಬರೆದ ತಂಡದ ಕೋಡ್ ಮುಂದಿನ ಜೂನ್‌ನಲ್ಲಿ, ಮಳೆ ಶುರುವಾಗೋ ಹೊತ್ತಿಗೆ, ಯಾರ ಕೈಗಾದ್ರೂ ಸಿಕ್ಕಿ ಕೆಲಸಕ್ಕೆ ಬರುತ್ತೆ.